ಮುರಿದ ದವಡೆಯ ಸಾಕ್ಷ್ಯ: ರಾಮಾಪಿಥೆಕಸ್ ವಾದದ ಒಂದು ವಿಮರ್ಶೆ

1

ಮಾನವನ ಮೂಲವನ್ನು ಕುರಿತ ಪ್ರಶ್ನೆ ಇತಿಹಾಸಕಾರನ ಕ್ಷೇತ್ರಕ್ಕೆ ಸೇರಿದುದಲ್ಲವೆಂದು ಭಾವಿಸುವವರುಂಟು. ಬರಹವಿರುವಲ್ಲಿ ಇತಿಹಾಸ, ಬರಹವಿಲ್ಲದಲ್ಲಿ ಪುರಾತತ್ತ್ವ, ಅದಕ್ಕೂ ಹಿಂದೆ ಭೂವಿಜ್ಞಾನ ಮತ್ತು ಪ್ರಾಣಿವಿಜ್ಞಾನ ಎಂದು ಎಲ್ಲೆಗಳನ್ನು ಗುರುತಿಸಿಕೊಂಡು ನಾವು ನಮ್ಮ ನಮ್ಮ ಕೆಲಸದಲ್ಲಿ ತೊಡಗಿದ್ದೇವೆ. ಆದರೆ ಸಾಕ್ಷ್ಯವನ್ನು ಪರೀಕ್ಷಿಸುವ ಧರ್ಮಕ್ಕೆ ಇಂಥ ಎಲ್ಲೆಗಳಿಲ್ಲ. ತ್ರುಟಿತವಾದ ಒಂದು ಶಾಸನವನ್ನು ಓದುವವನಿಗೂ, ಬಂಡೆಯಿಂದ ಬಿಡಿಸಿದ ಒಂದು ದವಡೆಯ ತುಂಡನ್ನು ಓದುವವನಿಗೂ ಎದುರಾಗುವ ತೊಡಕು ಒಂದೇ: ಉಳಿದಿರುವುದೆಷ್ಟು, ನಾವು ತುಂಬಿಕೊಂಡದ್ದೆಷ್ಟು? ಈ ಎರಡರ ನಡುವಣ ಗೆರೆ ಅಳಿಸಿಹೋದಾಗ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ ಮಣ್ಣಿನಲ್ಲಿಯೇ ದೊರೆತ ಒಂದು ಅವಶೇಷದ ಕಥೆ ಉತ್ತಮ ನಿದರ್ಶನವಾಗಿದೆ. ಅದು ರಾಮಾಪಿಥೆಕಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಪಳೆಯುಳಿಕೆ.

1961ರಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಈ ಜೀವಿಯನ್ನು ಮಾನವ ಕುಟುಂಬದ ಅತ್ಯಂತ ಪ್ರಾಚೀನ ಸದಸ್ಯನೆಂದು ಜಗತ್ತಿನ ಅನೇಕ ವಿದ್ವಾಂಸರು ಒಪ್ಪಿದ್ದರು. 1982ರ ಹೊತ್ತಿಗೆ ಆ ಸ್ಥಾನ ಅದಕ್ಕೆ ತಪ್ಪಿಹೋಯಿತು. ಇಷ್ಟೇ ಆಗಿದ್ದರೆ ಇದು ವಿಜ್ಞಾನದಲ್ಲಿ ಸಹಜವಾಗಿ ನಡೆಯುವ ತಿದ್ದುಪಡಿಗಳಲ್ಲೊಂದೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ವಿದ್ವಾಂಸರು ಹಿಂತೆಗೆದುಕೊಂಡ ಮಾತನ್ನು ನಮ್ಮ ಪಠ್ಯಪುಸ್ತಕಗಳು ಹಿಂತೆಗೆದುಕೊಂಡಿಲ್ಲ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ಈ ಶತಮಾನದ ಮೊದಲ ದಶಕದಲ್ಲಿ ಹೊರತಂದ ಹನ್ನೆರಡನೆಯ ತರಗತಿಯ ಜೀವಶಾಸ್ತ್ರ ಪುಸ್ತಕದಲ್ಲಿಯೂ ಈ ಜೀವಿ ಹೆಚ್ಚು ಮಾನವಸದೃಶವಾಗಿತ್ತೆಂಬ ಮಾತು ಉಳಿದುಕೊಂಡಿತು. ನಮ್ಮ ಪದವಿಪೂರ್ವ ತರಗತಿಗಳಿಂದ ಬರುವ ವಿದ್ಯಾರ್ಥಿಗಳು ಅದನ್ನೇ ಓದಿಕೊಂಡು ಬರುತ್ತಾರೆ. ಆದುದರಿಂದ ಈ ವಾದ ಹೇಗೆ ಹುಟ್ಟಿತು, ಯಾವ ಆಧಾರದ ಮೇಲೆ ನಿಂತಿತು, ಏಕೆ ಬಿದ್ದಿತು ಎಂಬುದನ್ನು ವಿಮರ್ಶಿಸುವುದು ನಿಷ್ಪ್ರಯೋಜಕವಾಗಲಾರದೆಂದು ನಾವು ನಂಬಿದ್ದೇವೆ.

2

ಹಿಮಾಲಯದ ತಪ್ಪಲಿನುದ್ದಕ್ಕೂ ಹಬ್ಬಿರುವ ಶಿವಾಲಿಕ್ ಬೆಟ್ಟಗಳ ಪದರಗಳು ಪ್ರಾಚೀನ ಸಸ್ತನಿಗಳ ಅವಶೇಷಗಳಿಗೆ ಹೆಸರಾದವು. 1830ರ ದಶಕದಲ್ಲಿ ಫಾಲ್ಕನರ್ ಮತ್ತು ಕಾಟ್ಲೆ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಇಲ್ಲಿಯ ಎಲುಬುಗಳನ್ನು ಸಂಗ್ರಹಿಸಿ ವಿದ್ವತ್ಪ್ರಪಂಚದ ಗಮನವನ್ನು ಈ ಕಡೆಗೆ ಸೆಳೆದರು. ಆನೆ, ಕುದುರೆ, ಜಿರಾಫೆಗಳ ಪೂರ್ವಜರ ನಡುವೆ ವಾನರಗಳ ಹಲ್ಲು ದವಡೆಗಳೂ ಅಲ್ಲೊಂದು ಇಲ್ಲೊಂದು ದೊರೆಯುತ್ತಿದ್ದುವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಗೈ ಪಿಲ್‌ಗ್ರಿಮ್ 1910ರಲ್ಲಿ ಇಂಥ ಒಂದು ವಾನರಕ್ಕೆ ಶಿವಾಪಿಥೆಕಸ್ ಎಂದು ಹೆಸರಿಟ್ಟರು. ಪಿಥೆಕಸ್ ಎಂಬುದು ಗ್ರೀಕ್ ಭಾಷೆಯಲ್ಲಿ ವಾನರವೆಂಬ ಅರ್ಥವುಳ್ಳ ಪದ. 1915ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಶಿವಾಪಿಥೆಕಸ್ಸನ್ನು ಮಾನವ ಕುಟುಂಬಕ್ಕೇ ಸೇರಿಸಿದರು. ಬಿಡಿ ತುಂಡುಗಳನ್ನು ಹೊಂದಿಸಿ ಅವರು ರಚಿಸಿಕೊಂಡ ಕೆಳದವಡೆಯ ರೂಪವು ಈ ನಿರ್ಣಯಕ್ಕೆ ಬಹುಮಟ್ಟಿಗೆ ಕಾರಣವಾಗಿತ್ತು. ಅಮೆರಿಕದ ವಿಲಿಯಂ ಗ್ರೆಗರಿ ಆ ಜೋಡಣೆಯನ್ನು ಒಪ್ಪಲಿಲ್ಲ. ಅವೇ ತುಂಡುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದರೆ ಅದು ವಾನರದ ದವಡೆಯೇ ಆಗುತ್ತದೆಂದು ಅವರು ವಾದಿಸಿದರು.

ಈ ಸಣ್ಣ ಪ್ರಸಂಗವನ್ನು ನಾವು ಇಲ್ಲಿ ಉಲ್ಲೇಖಿಸಲು ಕಾರಣವುಂಟು. ಮುಂದೆ ನಡೆಯಲಿದ್ದ ದೊಡ್ಡ ತಪ್ಪಿಗೆ ಎಚ್ಚರಿಕೆ ಅರ್ಧ ಶತಮಾನಕ್ಕೆ ಮುಂಚೆಯೇ, ಅದೇ ಬೆಟ್ಟಗಳ ಅವಶೇಷಗಳ ವಿಷಯದಲ್ಲಿಯೇ ದೊರೆತಿತ್ತು. ಆ ಎಚ್ಚರಿಕೆಯನ್ನು ಯಾರೂ ಮನಸ್ಸಿನಲ್ಲಿ ಉಳಿಸಿಕೊಂಡಂತೆ ಕಾಣುವುದಿಲ್ಲ.

1932ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ತರುಣ ಸಂಶೋಧಕ ಜಿ. ಎಡ್ವರ್ಡ್ ಲೂಯಿಸ್ ಇಂದಿನ ಹಿಮಾಚಲ ಪ್ರದೇಶದ ಬಿಲಾಸಪುರ ಜಿಲ್ಲೆಗೆ ಸೇರಿದ ಹರಿತಲ್ಯಾಂಗರ್ ಎಂಬ ಊರಿನ ಬಳಿ ಮೇಲ್ದವಡೆಯ ಬಲಭಾಗದ ಒಂದು ತುಂಡನ್ನು ಪಡೆದರು. ಅದರಲ್ಲಿ ಅರೆಯುವ ಹಲ್ಲುಗಳು ಕೆಲವಿದ್ದುವು. ಕೋರೆಹಲ್ಲು ಉದುರಿಹೋಗಿ ಅದರ ಕುಳಿ ಮಾತ್ರ ಉಳಿದಿತ್ತು. ಆ ಕುಳಿ ಚಿಕ್ಕದಾಗಿದ್ದುದರಿಂದ ಹಲ್ಲೂ ಚಿಕ್ಕದಿರಬೇಕೆಂದೂ, ಮೂತಿ ವಾನರಗಳಲ್ಲಿರುವಷ್ಟು ಮುಂಚಾಚಿರಲಿಲ್ಲವೆಂದೂ ಅವರು ಊಹಿಸಿದರು. 1934ರಲ್ಲಿ ಪ್ರಕಟವಾದ ಲೇಖನದಲ್ಲಿ ಇದಕ್ಕೆ ರಾಮಾಪಿಥೆಕಸ್ ಬ್ರೆವಿರಾಸ್ಟ್ರಿಸ್ ಎಂದು ನಾಮಕರಣ ಮಾಡಿದರು. ಬ್ರೆವಿರಾಸ್ಟ್ರಿಸ್ ಎಂದರೆ ಮೋಟುಮೂತಿಯುಳ್ಳದ್ದು ಎಂದರ್ಥ. ಅದೇ ಲೇಖನದಲ್ಲಿ ಬ್ರಹ್ಮ ಮತ್ತು ಸುಗ್ರೀವರ ಹೆಸರುಗಳನ್ನೂ ಬೇರೆ ತುಂಡುಗಳಿಗೆ ಇಟ್ಟರು. ಮರುವರ್ಷವೇ ಅಲೆಶ್ ಹರ್ಡ್ಲಿಚ್ಕಾ ಎಂಬ ಹಿರಿಯ ಮಾನವಶಾಸ್ತ್ರಜ್ಞರು ಈ ದವಡೆಯನ್ನು ಪರಿಶೀಲಿಸಿ, ಇದು ಮಾನವನ ಸಾಲಿಗೆ ಸೇರಿದುದಲ್ಲವೆಂದು ಬರೆದರು. ಹರ್ಡ್ಲಿಚ್ಕಾ ಅವರ ವಾದದಲ್ಲಿಯೂ ದೋಷಗಳಿದ್ದುವೆಂದು ಮುಂದೆ ಹೇಳಲಾಗಿದೆ. ಹೇಗೂ ಆ ಬಳಿಕ ಕಾಲು ಶತಮಾನದವರೆಗೆ ರಾಮಾಪಿಥೆಕಸ್ಸಿನ ಮಾತು ಹೆಚ್ಚಾಗಿ ಕೇಳಿಬರಲಿಲ್ಲ.

3

1961ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಎಲ್ವಿನ್ ಸೈಮನ್ಸ್ ಈ ತುಂಡನ್ನು ಮತ್ತೆ ಕೈಗೆತ್ತಿಕೊಂಡರು. ಉಳಿದ ಬಲಭಾಗವನ್ನು ಆಧಾರವಾಗಿಟ್ಟುಕೊಂಡು, ಕನ್ನಡಿಯಲ್ಲಿ ಕಾಣುವಂತೆ ಎಡಭಾಗವನ್ನು ಕಲ್ಪಿಸಿಕೊಂಡು, ಹಲ್ಲುಗಳ ಸಾಲು ಹೇಗಿದ್ದಿರಬಹುದೆಂದು ಅವರು ಚಿತ್ರಿಸಿದರು. ವಾನರಗಳ ದವಡೆಯಲ್ಲಿ ಎರಡು ಪಕ್ಕದ ಹಲ್ಲಿನ ಸಾಲುಗಳು ಬಹುಮಟ್ಟಿಗೆ ಸಮಾನಾಂತರವಾಗಿ ಸಾಗುತ್ತವೆ. ಮಾನವನಲ್ಲಿಯಾದರೋ ಅವು ಹಿಂದಕ್ಕೆ ಹೋದಂತೆಲ್ಲ ಅಗಲವಾಗುತ್ತ ಕಮಾನಿನಂತೆ ಬಾಗಿರುತ್ತವೆ. ಸೈಮನ್ಸ್ ಅವರ ಚಿತ್ರದಲ್ಲಿ ರಾಮಾಪಿಥೆಕಸ್ಸಿನ ಹಲ್ಲಿನ ಸಾಲು ಮಾನವನದರಂತೆ ಕಮಾನಾಗಿತ್ತು. ಚಿಕ್ಕ ಕೋರೆಹಲ್ಲು, ಮೋಟುಮೂತಿ, ಬಾಗಿದ ಹಲ್ಲಿನ ಸಾಲು, ಈ ಮೂರು ಲಕ್ಷಣಗಳ ಆಧಾರದಿಂದ ಇದು ಮಾನವ ಕುಟುಂಬಕ್ಕೆ ಸೇರಿದ ಜೀವಿಯೆಂದು ಅವರು ತೀರ್ಮಾನಿಸಿದರು.

ಅದೇ ಸುಮಾರಿಗೆ ಕೀನ್ಯಾ ದೇಶದ ಫೋರ್ಟ್ ಟರ್ನನ್ ಎಂಬಲ್ಲಿ ಲೂಯಿ ಲೀಕಿ ಅವರಿಗೆ ಇಂಥದೇ ದವಡೆಯ ತುಂಡುಗಳು ದೊರೆತುವು. 1962ರಲ್ಲಿ ಅವರು ಅದಕ್ಕೆ ಕೀನ್ಯಾಪಿಥೆಕಸ್ ಎಂದು ಹೆಸರಿಟ್ಟರು. ಅಲ್ಲಿಯ ಜ್ವಾಲಾಮುಖಿ ಪದರಗಳ ವಯಸ್ಸು ಸುಮಾರು 1 ಕೋಟಿ 40 ಲಕ್ಷ ವರ್ಷಗಳೆಂದು ಗೊತ್ತಾಗಿತ್ತು. ಸೈಮನ್ಸ್ ಇದನ್ನೂ ರಾಮಾಪಿಥೆಕಸ್ಸೇ ಎಂದರು. 1965ರಲ್ಲಿ ಸೈಮನ್ಸ್ ಮತ್ತು ಅವರ ಸಹೋದ್ಯೋಗಿ ಡೇವಿಡ್ ಪಿಲ್‌ಬೀಮ್ ಕೂಡಿ ಆ ಕಾಲದ ಎಲ್ಲ ವಾನರಾವಶೇಷಗಳ ವರ್ಗೀಕರಣವನ್ನು ಪರಿಷ್ಕರಿಸಿದರು. ಒಂದೊಂದು ತುಂಡಿಗೂ ಒಂದೊಂದು ಕುಲನಾಮವನ್ನು ಕೊಟ್ಟು ಹಿಂದಿನವರು ಮಾಡಿದ್ದ ಗೊಂದಲವನ್ನು ಅವರು ನಿವಾರಿಸಿದುದು ನಿಜವಾಗಿಯೂ ದೊಡ್ಡ ಸೇವೆ. ಆದರೆ ಅನೇಕ ಕುಲಗಳನ್ನು ಒಂದರಲ್ಲಿ ಅಡಗಿಸಿದ ಆ ಕೈಗಳೇ ರಾಮಾಪಿಥೆಕಸ್ಸನ್ನು ಮಾತ್ರ ಪ್ರತ್ಯೇಕವಾಗಿ ಎತ್ತಿ ಮಾನವನ ಸಾಲಿನಲ್ಲಿ ಇರಿಸಿದುವು.

ಇಲ್ಲಿಂದ ಮುಂದೆ ಊಹೆಯ ಮೇಲೆ ಊಹೆ ಬೆಳೆಯಿತು. ಮಾನವನ ಪೂರ್ವಜರು ಕಲ್ಲು ದೊಣ್ಣೆಗಳನ್ನು ಬಳಸಲಾರಂಭಿಸಿದಂತೆ ಕೋರೆಹಲ್ಲಿನ ಉಪಯೋಗ ತಗ್ಗಿ ಅದು ಚಿಕ್ಕದಾಯಿತೆಂದು ಡಾರ್ವಿನ್ 1871ರಷ್ಟು ಹಿಂದೆಯೇ ಸೂಚಿಸಿದ್ದರು. ಈ ಸೂಚನೆಯನ್ನು ತಿರುಗುಮುರುಗಾಗಿ ಬಳಸಲಾಯಿತು. ಕೋರೆಹಲ್ಲು ಚಿಕ್ಕದಿದ್ದರೆ ಆಯುಧವಿದ್ದಿರಬೇಕು. ಆಯುಧವಿದ್ದರೆ ಕೈಗಳು ಬಿಡುವಾಗಿದ್ದಿರಬೇಕು. ಕೈಗಳು ಬಿಡುವಾಗಿದ್ದರೆ ಎರಡು ಕಾಲಿನ ಮೇಲೆ ನಡೆದಿರಬೇಕು. 1968ರಲ್ಲಿ ಲೀಕಿ ಅವರು ಫೋರ್ಟ್ ಟರ್ನನ್ನಿನ ಜೀವಿ ಕಲ್ಲಿನಿಂದ ಎಲುಬುಗಳನ್ನು ಒಡೆಯುತ್ತಿತ್ತೆಂದೂ ಬರೆದರು. ಇಷ್ಟಾಗಿಯೂ ರಾಮಾಪಿಥೆಕಸ್ಸಿನದೆಂದು ಹೇಳಬಹುದಾದ ಒಂದು ತೊಡೆಯೆಲುಬಾಗಲಿ, ಸೊಂಟದ ಎಲುಬಾಗಲಿ, ತಲೆಬುರುಡೆಯಾಗಲಿ ಯಾರ ಕೈಯಲ್ಲಿಯೂ ಇರಲಿಲ್ಲ. ಇದ್ದುದು ಹಲ್ಲುಗಳು ಮತ್ತು ದವಡೆಯ ತುಂಡುಗಳು ಮಾತ್ರ.

4

ಈಗ ಈ ವಾದದ ಆಧಾರಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು ಹಲ್ಲಿನ ಸಾಲಿನ ಆಕಾರ. ಅರ್ಧ ದವಡೆಯಿಂದ ಪೂರ್ಣ ದವಡೆಯನ್ನು ಕಲ್ಪಿಸಬೇಕಾದರೆ ಮುಖದ ಮಧ್ಯರೇಖೆ ಎಲ್ಲಿ ಹಾದುಹೋಗುತ್ತಿತ್ತೆಂಬುದು ತಿಳಿದಿರಬೇಕು. ಹರಿತಲ್ಯಾಂಗರ್ ತುಂಡಿನಲ್ಲಿ ಆ ಭಾಗವೇ ಉಳಿದಿರಲಿಲ್ಲ. ಮಧ್ಯರೇಖೆಯನ್ನು ಒಂದಿಷ್ಟು ಆಚೆಗೆ ಸರಿಸಿದರೆ ಸಾಲು ಅಗಲವಾಗುತ್ತದೆ, ಒಂದಿಷ್ಟು ಈಚೆಗೆ ಸರಿಸಿದರೆ ಇಕ್ಕಟ್ಟಾಗುತ್ತದೆ. ತುಂಡನ್ನೇ ತುಸು ಓರೆಯಾಗಿ ತಿರುಗಿಸಿದರೆ ಕಮಾನು ಸಮಾನಾಂತರ ರೇಖೆಗಳಾಗಿ ಮಾರ್ಪಡುತ್ತದೆ. ಎಂದಮೇಲೆ ಆ ಕಮಾನು ದವಡೆಯಲ್ಲಿ ಕಂಡದ್ದಲ್ಲ, ದವಡೆಗೆ ಕೊಟ್ಟದ್ದು. ಶಾಸನದ ಕಲ್ಲು ಮುರಿದು ಸಾಲಿನ ಅರ್ಧ ಹೋಗಿದ್ದರೆ ಸಂಪಾದಕನು ಪ್ರಕರಣಕ್ಕೆ ತಕ್ಕಂತೆ ಅಕ್ಷರಗಳನ್ನು ಊಹಿಸಿ ತುಂಬುವುದುಂಟು. ಆದರೆ ಆ ಅಕ್ಷರಗಳನ್ನು ಕಂಸದೊಳಗಿಡುವುದು ವಾಡಿಕೆ. ಕಂಸದೊಳಗಿನ ಹೆಸರನ್ನೇ ಆಧಾರವಾಗಿಟ್ಟುಕೊಂಡು ರಾಜವಂಶಾವಳಿಯನ್ನು ಕಟ್ಟಿದರೆ ಅವನನ್ನು ಯಾರೂ ಮನ್ನಿಸಲಾರರು. ರಾಮಾಪಿಥೆಕಸ್ಸಿನ ವಿಷಯದಲ್ಲಿ ಆದುದು ಇದೇ. ಮೊದಲ ಚಿತ್ರದಲ್ಲಿ ಊಹೆಯಾಗಿದ್ದ ಎಡಭಾಗವು ಪುಸ್ತಕದಿಂದ ಪುಸ್ತಕಕ್ಕೆ ಸಾಗುವಷ್ಟರಲ್ಲಿ ಕಂಸವನ್ನು ಕಳೆದುಕೊಂಡು ಮೂಲ ಪಾಠವೇ ಆಗಿಹೋಯಿತು.

ಎರಡನೆಯದು ಚಿಕ್ಕ ಕೋರೆಹಲ್ಲು. ವಾನರಗಳಲ್ಲಿ ಗಂಡು ಹೆಣ್ಣುಗಳ ನಡುವೆ ಗಾತ್ರದ ಅಂತರ ವಿಶೇಷವಾಗಿರುತ್ತದೆ. ಒರಾಂಗುಟಾನಿನ ಗಂಡು ತೂಕದಲ್ಲಿ ಹೆಣ್ಣಿನ ಎರಡರಷ್ಟಿರುತ್ತದೆ. ಕೋರೆಹಲ್ಲಿನಲ್ಲಿಯೂ ಅದಕ್ಕೆ ತಕ್ಕ ವ್ಯತ್ಯಾಸವುಂಟು. ಹೀಗಿರಲು ಒಂದೇ ಪದರದಲ್ಲಿ ದೊಡ್ಡ ಕೋರೆಹಲ್ಲಿನ ದವಡೆಯೂ ಚಿಕ್ಕ ಕೋರೆಹಲ್ಲಿನ ದವಡೆಯೂ ದೊರೆತರೆ, ಒಂದು ವಾನರ ಮತ್ತೊಂದು ಮಾನವನ ಪೂರ್ವಜ ಎನ್ನುವುದಕ್ಕೆ ಮುಂಚೆ, ಒಂದು ಗಂಡು ಮತ್ತೊಂದು ಹೆಣ್ಣು ಇರಬಹುದೇ ಎಂದು ಕೇಳಬೇಕಾಗಿತ್ತು. ಶಿವಾಲಿಕ್ ಪದರಗಳಲ್ಲಿ ಶಿವಾಪಿಥೆಕಸ್ಸೂ ರಾಮಾಪಿಥೆಕಸ್ಸೂ ಜೊತೆಜೊತೆಯಾಗಿಯೇ ದೊರೆಯುತ್ತಿದ್ದುವು. ರಾಮಾಪಿಥೆಕಸ್ ಎಂದು ಕರೆದ ತುಂಡುಗಳು ಬಹುಮಟ್ಟಿಗೆ ಶಿವಾಪಿಥೆಕಸ್ಸಿನ ಸಣ್ಣಗಾತ್ರದ, ಪ್ರಾಯಶಃ ಹೆಣ್ಣು ಜೀವಿಗಳವೇ ಎಂಬ ಅಭಿಪ್ರಾಯ ಕೊನೆಗೆ ಬಲವಾಯಿತು. ಈ ಸರಳವಾದ ಪ್ರಶ್ನೆ ಬಹುಕಾಲ ಹಿಂದೆ ಬಿದ್ದುದಕ್ಕೆ ಎರಡು ಹೆಸರುಗಳಿದ್ದುದೂ ಒಂದು ಕಾರಣವೆಂದು ನಮಗೆ ತೋರುತ್ತದೆ. ಹೆಸರು ಬೇರೆಯಾದರೆ ವಸ್ತುವೂ ಬೇರೆಯೆಂಬ ಭ್ರಮೆ ವಿದ್ವಾಂಸರನ್ನೂ ಬಿಟ್ಟಿಲ್ಲ.

ಮೂರನೆಯದು ಅರೆಯುವ ಹಲ್ಲುಗಳ ಮೇಲಣ ದಪ್ಪವಾದ ದಂತಕವಚ. ಚಿಂಪಾಂಜಿ ಮತ್ತು ಗೊರಿಲ್ಲಾಗಳಲ್ಲಿ ಇದು ತೆಳ್ಳಗಿದೆ, ಮಾನವನಲ್ಲಿ ದಪ್ಪ. ಆದುದರಿಂದ ದಪ್ಪ ಕವಚವಿದ್ದುದು ಮಾನವನಿಗೆ ಹತ್ತಿರವೆಂದು ತರ್ಕಿಸಿದರು. ಆದರೆ ಸಾದೃಶ್ಯವೆಲ್ಲ ಸಂಬಂಧವಲ್ಲ. ಗಟ್ಟಿಯಾದ ಕಾಯಿ ಬೀಜಗಳನ್ನು ಅಗಿಯುವ ಜೀವಿಗಳಲ್ಲಿ ಇಂಥ ಕವಚವು ಬೇರೆ ಬೇರೆಯಾಗಿಯೇ ಬೆಳೆಯಬಹುದು. ಸಮಾನ ಲಕ್ಷಣವು ಹತ್ತಿರದ ಸಂಬಂಧಕ್ಕೆ ಪ್ರಮಾಣವಾಗಬೇಕಾದರೆ, ಅದು ಆ ಎರಡು ಸಂತತಿಗಳಲ್ಲಿ ಮಾತ್ರ ಹೊಸದಾಗಿ ಮೂಡಿದ್ದೆಂದು ತೋರಿಸಬೇಕು. 1960ರ ದಶಕದಲ್ಲಿ ಹಾಗೆ ಯಾರೂ ತೋರಿಸಿರಲಿಲ್ಲ.

ನಾಲ್ಕನೆಯದು, ನಮ್ಮ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು, ಇಲ್ಲದ ಸಾಕ್ಷ್ಯದ ಪ್ರಶ್ನೆ. ಮಾನವ ಕುಟುಂಬದ ಪ್ರಧಾನ ಲಕ್ಷಣ ಎರಡು ಕಾಲಿನ ನಡಿಗೆ. ಅದಕ್ಕೆ ಪ್ರಮಾಣ ಕಾಲು, ಸೊಂಟ, ಬೆನ್ನೆಲುಬು ಹಾಗೂ ಬುರುಡೆಯ ತಳಭಾಗದಲ್ಲಿರುತ್ತದೆ, ಹಲ್ಲಿನಲ್ಲಿರುವುದಿಲ್ಲ. 1974ರಲ್ಲಿ ಇಥಿಯೋಪಿಯದ ಹಡಾರ್‌ನಲ್ಲಿ ಸುಮಾರು 32 ಲಕ್ಷ ವರ್ಷಗಳ ಹಿಂದಿನ ‘ಲೂಸಿ’ಯ ಅಸ್ಥಿಗಳು ದೊರೆತಾಗ ಮೊಣಕಾಲು ಮತ್ತು ಸೊಂಟ ಎರಡೂ ಕಣ್ಣೆದುರಿಗಿದ್ದುವು. 1978ರಲ್ಲಿ ಟಾಂಜಾನಿಯದ ಲೇಟೋಲಿಯಲ್ಲಿ 36 ಲಕ್ಷ ವರ್ಷಗಳಿಗೂ ಹಿಂದಿನ ಬೂದಿಪದರದ ಮೇಲೆ ಹೆಜ್ಜೆಗುರುತುಗಳೇ ಕಂಡವು. ಅಲ್ಲಿ ನಡಿಗೆಯನ್ನು ಊಹಿಸಬೇಕಾಗಿರಲಿಲ್ಲ, ನೋಡಿದರೆ ಸಾಕಾಗಿತ್ತು. ಈ ಸಾಕ್ಷ್ಯಗಳನ್ನು ರಾಮಾಪಿಥೆಕಸ್ಸಿನ ಸಾಕ್ಷ್ಯದ ಪಕ್ಕದಲ್ಲಿಟ್ಟರೆ ಎರಡರ ತೂಕ ತಾನಾಗಿ ತಿಳಿಯುತ್ತದೆ.

5

ವಾದವನ್ನು ಅಲುಗಿಸಿದ ಮೊದಲ ಪೆಟ್ಟು ಬಂದುದು ಬಂಡೆಯಿಂದಲ್ಲ, ರಕ್ತದಿಂದ. 1967ರಲ್ಲಿ ಕ್ಯಾಲಿಫೋರ್ನಿಯದ ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ಮಾನವ ಹಾಗೂ ವಾನರಗಳ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಹೋಲಿಸಿ ನೋಡಿದರು. ಕಾಲ ಕಳೆದಂತೆ ಪ್ರೋಟೀನುಗಳಲ್ಲಿ ವ್ಯತ್ಯಾಸಗಳು ಹೆಚ್ಚುಕಡಮೆ ಒಂದೇ ವೇಗದಲ್ಲಿ ಕೂಡಿಕೊಳ್ಳುತ್ತವೆಂದು ಭಾವಿಸಿ, ಬಾಲವುಳ್ಳ ಹಳೆಯ ಜಗತ್ತಿನ ಕೋತಿಗಳು ವಾನರಗಳಿಂದ ಬೇರೆಯಾಗಿ 3 ಕೋಟಿ ವರ್ಷಗಳಾಗಿವೆಯೆಂದು ಇಟ್ಟುಕೊಂಡು ಅವರು ಲೆಕ್ಕ ಹಾಕಿದರು. ಮಾನವ, ಚಿಂಪಾಂಜಿ, ಗೊರಿಲ್ಲಾಗಳು ಬೇರೆಯಾಗಿ ಸುಮಾರು 50 ಲಕ್ಷ ವರ್ಷಗಳಷ್ಟೇ ಆಗಿವೆಯೆಂದು ಉತ್ತರ ಬಂದಿತು. ಇದು ಸತ್ಯವಾದರೆ 1 ಕೋಟಿ 40 ಲಕ್ಷ ವರ್ಷಗಳ ಹಿಂದೆ ಮಾನವ ಕುಟುಂಬವೆಂಬುದೇ ಇರಲಿಲ್ಲ. ಅಂದಮೇಲೆ ರಾಮಾಪಿಥೆಕಸ್ ಅದರ ಸದಸ್ಯನಾಗಿರಲಾರದು.

ಪಳೆಯುಳಿಕೆಗಳ ವಿದ್ವಾಂಸರು ಇದನ್ನು ಬಹುಕಾಲ ಒಪ್ಪಲಿಲ್ಲ. ಈ ಹಿಂಜರಿಕೆಯನ್ನು ನಾವು ಸಂಪೂರ್ಣವಾಗಿ ತಪ್ಪೆನ್ನಲಾರೆವು. ಹೊಸದಾದ ಒಂದು ವಿಧಾನ, ಅದರ ಮೂಲದಲ್ಲಿಯೇ ಒಂದು ಗೃಹೀತ, ಅನುಮಾನಪಡುವುದು ಸಹಜವೇ. ಆ 50 ಲಕ್ಷದ ಅಂಕೆಯೂ ಹಾಗೆಯೇ ಉಳಿಯಲಿಲ್ಲ. ಮಾನವ ಮತ್ತು ಚಿಂಪಾಂಜಿಗಳು ಬೇರೆಯಾದ ಕಾಲವನ್ನು ಇಂದು ಸಾಮಾನ್ಯವಾಗಿ 60ರಿಂದ 80 ಲಕ್ಷ ವರ್ಷಗಳ ಹಿಂದಕ್ಕೆ ಹೇಳುತ್ತಾರೆ. 2001ರಲ್ಲಿ ಆಫ್ರಿಕದ ಚಾಡ್ ದೇಶದಲ್ಲಿ ದೊರೆತ, ಸುಮಾರು 70 ಲಕ್ಷ ವರ್ಷಗಳ ಹಿಂದಿನ ಸಾಹೆಲಾಂತ್ರೊಪಸ್ ಇದಕ್ಕೆ ಹೊಂದುತ್ತದೆ. ಆದರೆ ಅನುಮಾನವು ಎರಡು ಕಡೆಗೂ ಸಮವಾಗಿರಬೇಕಾಗಿತ್ತು. ರಕ್ತದ ಲೆಕ್ಕದಲ್ಲಿದ್ದ ಗೃಹೀತವನ್ನು ಎತ್ತಿ ತೋರಿಸಿದವರು ತಮ್ಮ ದವಡೆಯ ಚಿತ್ರದಲ್ಲಿದ್ದ ಗೃಹೀತವನ್ನು ಮರೆತಿದ್ದರು. ಎರಡು ಸ್ವತಂತ್ರ ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದಾಗ ಒಂದನ್ನು ಸುಳ್ಳೆನ್ನುವುದಕ್ಕೆ ಮುಂಚೆ ಎರಡನ್ನೂ ಮತ್ತೆ ಕೇಳಬೇಕೆಂಬುದು ಇತಿಹಾಸ ಶೋಧನೆಯ ಮೊದಲ ಪಾಠ.

ಮತ್ತೆ ಕೇಳಿದವರೂ ಇದ್ದರು. 1973ರಲ್ಲಿ ಅಲನ್ ವಾಕರ್ ಮತ್ತು ಪೀಟರ್ ಆಂಡ್ರ್ಯೂಸ್ ಫೋರ್ಟ್ ಟರ್ನನ್ನಿನ ಮೇಲಿನ ಮತ್ತು ಕೆಳಗಿನ ದವಡೆಗಳ ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿದಾಗ ಹಲ್ಲಿನ ಸಾಲು ಮಾನವನ ಕಮಾನಿನಂತೆ ಬರಲಿಲ್ಲ. ಅದು ಮುಂದುಗಡೆ ಇಕ್ಕಟ್ಟಾಗಿ ಹಿಂದಕ್ಕೆ ನೇರವಾಗಿ ಸರಿಯುವಂತಿತ್ತು. ಅದೇ ವರ್ಷ ಪಿಲ್‌ಬೀಮ್ ಅವರು ಪಾಕಿಸ್ತಾನದ ಭೂವೈಜ್ಞಾನಿಕ ಸಂಸ್ಥೆಯೊಡನೆ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಶೋಧವನ್ನಾರಂಭಿಸಿದರು. ಅಲ್ಲಿ ದೊರೆತ ಹೊಸ ಅವಶೇಷಗಳು ಹೆಚ್ಚಿದಂತೆಲ್ಲ ಹಳೆಯ ವಾದ ಸಡಿಲವಾಗುತ್ತ ಬಂದಿತು. ಕೊನೆಗೆ ಶಿವಾಪಿಥೆಕಸ್ಸಿನ ಮುಖಭಾಗವೇ ಬಹುಮಟ್ಟಿಗೆ ಉಳಿದಿದ್ದ ಒಂದು ಬುರುಡೆ ಅಲ್ಲಿ ದೊರೆಯಿತು. 1982ರಲ್ಲಿ ಪಿಲ್‌ಬೀಮ್ ಅದನ್ನು ವರ್ಣಿಸಿ ಪ್ರಕಟಿಸಿದರು. ಒಳಬಾಗಿದ ಮುಖ, ಒಂದಕ್ಕೊಂದು ಹತ್ತಿರವಿರುವ ಅಂಡಾಕಾರದ ಕಣ್ಣಿನ ಕುಳಿಗಳು, ಮೂಗಿನ ನುಣುಪಾದ ತಳ, ಇವೆಲ್ಲವೂ ಮಾನವನನ್ನಲ್ಲ, ಒರಾಂಗುಟಾನನ್ನು ಹೋಲುತ್ತಿದ್ದುವು. ಅದೇ ವರ್ಷ ಆಂಡ್ರ್ಯೂಸ್ ಮತ್ತು ಕ್ರೋನಿನ್ ಶಿವಾಪಿಥೆಕಸ್ ಹಾಗೂ ರಾಮಾಪಿಥೆಕಸ್‌ಗಳ ಸಂಬಂಧವನ್ನು ಒರಾಂಗುಟಾನಿನ ಸಾಲಿನೊಡನೆ ಸೇರಿಸಿ ಬರೆದರು. ರಕ್ತದ ಸಾಕ್ಷ್ಯಕ್ಕೂ ಎಲುಬಿನ ಸಾಕ್ಷ್ಯಕ್ಕೂ ಇದ್ದ ವಿರೋಧ ಹೀಗೆ ಕಳೆಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ರಾಮಾಪಿಥೆಕಸ್ಸನ್ನು ಮಾನವನ ಸಾಲಿನಲ್ಲಿ ನಿಲ್ಲಿಸಿದ ಇಬ್ಬರಲ್ಲಿ ಪಿಲ್‌ಬೀಮ್ ಒಬ್ಬರು. ಅದನ್ನು ಅಲ್ಲಿಂದ ಇಳಿಸಿದ ಸಾಕ್ಷ್ಯವನ್ನು ಅಗೆದು ತೆಗೆದವರೂ ಅವರೇ. ತಮ್ಮ ಯೌವನದ ಖ್ಯಾತಿಗೆ ಕಾರಣವಾದ ಅಭಿಪ್ರಾಯವನ್ನು ತಾವೇ ಬಹಿರಂಗವಾಗಿ ಬಿಟ್ಟುಕೊಟ್ಟ ವಿದ್ವಾಂಸರು ಯಾವ ಶಾಸ್ತ್ರದಲ್ಲಿಯೂ ವಿರಳ. ತಪ್ಪಿದುದಕ್ಕಾಗಿ ಅವರನ್ನು ಆಕ್ಷೇಪಿಸುವುದಕ್ಕಿಂತ, ತಪ್ಪನ್ನು ಕಂಡುಕೊಳ್ಳಲು ಮತ್ತೆ ಬಂಡೆಗಳ ಬಳಿಗೆ ಹೋದುದಕ್ಕಾಗಿ ಗೌರವಿಸುವುದು ಉಚಿತ.

6

ಹಾಗಾದರೆ ಹೊಸ ತೀರ್ಪಾದರೂ ಅಂತಿಮವೇ? ಅದೂ ಅಲ್ಲ. 1990ರಲ್ಲಿ ಪೊಟ್ವಾರ್ ಪ್ರದೇಶದ ಶಿವಾಪಿಥೆಕಸ್ಸಿನ ತೋಳೆಲುಬುಗಳ ವರ್ಣನೆ ಪ್ರಕಟವಾಯಿತು. ಮುಖ ಒರಾಂಗುಟಾನಿನದರಂತಿದ್ದರೂ ತೋಳೆಲುಬಿನ ಮೇಲ್ಭಾಗದ ಬಾಗು, ಕೊಂಬೆಯಿಂದ ಕೊಂಬೆಗೆ ಜೋತಾಡುವ ಒರಾಂಗುಟಾನಿನದರಂತಿರಲಿಲ್ಲ. ನಾಲ್ಕು ಕಾಲಿನ ಮೇಲೆ ನಡೆಯುವ ಪ್ರಾಣಿಗಳದನ್ನು ಹೋಲುತ್ತಿತ್ತು. ಮುಖ ಒಂದನ್ನು ಹೇಳಿದರೆ ತೋಳು ಇನ್ನೊಂದನ್ನು ಹೇಳುತ್ತದೆ. ಈ ತೊಡಕು ಇನ್ನೂ ಚರ್ಚೆಯಲ್ಲಿದೆ. ಒಂದು ಭಾಗದಿಂದ ಇಡೀ ದೇಹವನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈ ಹಿನ್ನೆಲೆಯಲ್ಲಿ ನಾವು ಮೊದಲು ಹೇಳಿದ ಪಠ್ಯಪುಸ್ತಕದ ಮಾತಿಗೆ ಹಿಂದಿರುಗೋಣ. ಅಲ್ಲಿ ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಡ್ರಯೋಪಿಥೆಕಸ್ ಮತ್ತು ರಾಮಾಪಿಥೆಕಸ್ ಎಂಬ ಜೀವಿಗಳಿದ್ದುವೆಂದೂ, ಅವು ಗೊರಿಲ್ಲಾ ಚಿಂಪಾಂಜಿಗಳಂತೆ ನಡೆಯುತ್ತಿದ್ದುವೆಂದೂ, ಎರಡನೆಯದು ಹೆಚ್ಚು ಮಾನವಸದೃಶವೆಂದೂ ಹೇಳಿದೆ. ಲೂಯಿಸ್ ಅವರ ಮೂಲ ತುಂಡು ದೊರೆತ ಹರಿತಲ್ಯಾಂಗರ್ ಪದರಗಳಿಗೆ ಸುಮಾರು 90 ಲಕ್ಷ ವರ್ಷಗಳ ವಯಸ್ಸನ್ನು ಹೇಳುತ್ತಾರೆ. ಗೊರಿಲ್ಲಾಗಳಂತೆ ನಡೆಯುತ್ತಿತ್ತೆಂಬುದಕ್ಕೆ ದೊರೆತಿರುವ ತೋಳೆಲುಬುಗಳು ಸಾಕ್ಷಿ ನುಡಿಯುವುದಿಲ್ಲ. ಮಾನವಸದೃಶವೆಂಬುದಂತೂ ಅದನ್ನು ಪ್ರತಿಪಾದಿಸಿದವರೇ ಕೈಬಿಟ್ಟ ಮಾತು. ಎರಡು ಮೂರು ವಾಕ್ಯಗಳಲ್ಲಿ ಇಷ್ಟು ದೋಷಗಳು ಸೇರಿಕೊಂಡಿರುವುದು ಅಲ್ಪ ವಿಷಯವಲ್ಲ. ವಿದ್ಯಾರ್ಥಿಯು ಪರೀಕ್ಷೆಗಾಗಿ ಈ ಹೆಸರನ್ನು ಕಂಠಪಾಠ ಮಾಡುತ್ತಾನೆ. ಅದರ ಹಿಂದಿರುವ ದವಡೆ ಎಷ್ಟು ಚಿಕ್ಕದೆಂದು ಅವನಿಗೆ ಯಾರೂ ಹೇಳುವುದಿಲ್ಲ.

ಇದಕ್ಕೆ ಅಲಕ್ಷ್ಯವೊಂದೇ ಕಾರಣವೆಂದು ನಮಗೆ ತೋರುವುದಿಲ್ಲ. ರಾಮನ ಹೆಸರುಳ್ಳ, ನಮ್ಮ ನೆಲದಲ್ಲಿ ದೊರೆತ ಆದಿಮಾನವನೆಂಬ ಕಲ್ಪನೆಗೆ ಒಂದು ಆಕರ್ಷಣೆಯಿದೆ. ಅದನ್ನು ಬಿಟ್ಟುಕೊಡಲು ಮನಸ್ಸು ಹಿಂಜರಿಯುತ್ತದೆ. ಆದರೆ ಆ ಹೆಸರನ್ನು ಇಟ್ಟವನು ಅಮೆರಿಕದ ಒಬ್ಬ ವಿದ್ಯಾರ್ಥಿ. ಶಿವಾಲಿಕ್ ಬೆಟ್ಟಗಳ ಅವಶೇಷಗಳಿಗೆ ಭಾರತೀಯ ದೇವತೆಗಳ ಹೆಸರಿಡುವ ರೂಢಿಯನ್ನು ಅವನು ಅನುಸರಿಸಿದನಷ್ಟೆ. ಹೆಸರಿನಿಂದ ವಂಶ ಸಿದ್ಧವಾಗುವುದಿಲ್ಲ. ರಾಮಾಪಿಥೆಕಸ್ ನಮ್ಮ ಪೂರ್ವಜನಲ್ಲವೆಂದಾದರೆ ಶಿವಾಲಿಕ್ ಬೆಟ್ಟಗಳ ಮಹತ್ತ್ವ ಕುಂದುವುದೂ ಇಲ್ಲ. ಸುಮಾರು 1 ಕೋಟಿ 27 ಲಕ್ಷ ವರ್ಷಗಳಿಂದ 85 ಲಕ್ಷ ವರ್ಷಗಳ ಹಿಂದಿನವರೆಗೆ ಬಾಳಿದ ಒಂದು ದೊಡ್ಡ ವಾನರ ಕುಲದ ಚರಿತ್ರೆ ಅಲ್ಲಿಯ ಪದರಗಳಲ್ಲಿದೆ. ಏಷ್ಯದ ವಾನರಗಳ ವಿಷಯವಾಗಿ ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಆ ಬೆಟ್ಟಗಳ ಕೊಡುಗೆಯೇ.

ಇರುವಷ್ಟನ್ನೇ ಹೇಳುವ ಮಾರ್ಗವೂ ನಮ್ಮಲ್ಲಿ ಇಲ್ಲದಿಲ್ಲ. 2018ರಲ್ಲಿ ಗುಜರಾತಿನ ಕಚ್ಛ ಪ್ರದೇಶದ ತಾಪರ್ ಎಂಬಲ್ಲಿ ದೊರೆತ ಮೇಲ್ದವಡೆಯ ತುಂಡೊಂದರ ವರ್ಣನೆ ಪ್ರಕಟವಾಯಿತು. ಅದನ್ನು ಪರಿಶೀಲಿಸಿದವರು ಶಿವಾಪಿಥೆಕಸ್ ಕುಲಕ್ಕೆ ಸೇರಿಸಿ, ಯಾವ ಜಾತಿಯೆಂಬುದನ್ನು ನಿರ್ಧರಿಸದೆ ಬಿಟ್ಟರು. ಹೊಸ ಹೆಸರನ್ನಿಡಲಿಲ್ಲ, ಪೂರ್ವಜನನ್ನಾಗಿ ಮಾಡಲಿಲ್ಲ. ಪರ್ಯಾಯ ದ್ವೀಪದಲ್ಲಿಯೂ ಆ ವಾನರವಿತ್ತೆಂಬ ಅಮೂಲ್ಯವಾದ ವಿಷಯ ಆ ಚಿಕ್ಕ ತುಂಡಿನಿಂದ ತಿಳಿದುಬಂದಿತು. ಅದು ಹೇಳಬಲ್ಲದ್ದು ಅಷ್ಟೇ. 1982ರಲ್ಲಿ, ಎಂದರೆ ರಾಮಾಪಿಥೆಕಸ್ ವಾದ ಕುಸಿದ ವರ್ಷವೇ, ಮಧ್ಯಪ್ರದೇಶದ ಹಥ್ನೋರಾದಲ್ಲಿ ಅರುಣ್ ಸೋನಾಕಿಯಾ ಅವರಿಗೆ ನರ್ಮದೆಯ ದಂಡೆಯ ಪದರದಲ್ಲಿ ಪ್ರಾಚೀನ ಮಾನವನ ಬುರುಡೆಯ ಭಾಗವೊಂದು ದೊರೆಯಿತು. ಅದು ಯಾವ ಮಾನವ ಜಾತಿಗೆ ಸೇರಬೇಕೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ ಮಾನವ ಕುಲದ್ದೆಂಬುದರಲ್ಲಿ ವಿವಾದವಿಲ್ಲ. ನಮ್ಮ ಕರ್ನಾಟಕದ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಶೋಧಿಸಿದ ನೆಲೆಯಲ್ಲಿ ಆದಿಮಾನವರು ಸುಣ್ಣಶಿಲೆಯ ಪದರಗಳನ್ನೇ ಬಳಸಿ ಕೈಗೊಡಲಿಗಳನ್ನು ತಯಾರಿಸಿದ ಕುರುಹುಗಳಿವೆ. ಅಲ್ಲಿಯ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಸೂಚಿಸಿದ್ದಾರೆ. ಅಲ್ಲಿ ಉಪಕರಣಗಳಿವೆ, ಅವುಗಳನ್ನು ಮಾಡಿದವನ ಎಲುಬುಗಳು ದೊರೆತಿಲ್ಲ. ಅವನ ಮುಖ ಹೇಗಿತ್ತೆಂದು ಚಿತ್ರಿಸುವ ಅವಸರ ನಮಗೆ ಬೇಡ. ಅವನು ಕಲ್ಲನ್ನು ಆರಿಸಿದ ಬಗೆ, ಒಡೆದ ಬಗೆ, ಬಿಸುಟು ಹೋದ ಚಕ್ಕೆಗಳು, ಇವುಗಳಿಂದ ತಿಳಿಯುವುದನ್ನು ಮೊದಲು ತಿಳಿದುಕೊಂಡರೆ ಸಾಕು.

7

ಇಷ್ಟು ವಿಚಾರದಿಂದ ನಾವು ಸಲ್ಲಿಸಬೇಕೆಂದಿರುವ ಅಭಿಪ್ರಾಯ ಇದು. ರಾಮಾಪಿಥೆಕಸ್ ವಾದದಲ್ಲಿ ಮೋಸವಿರಲಿಲ್ಲ, ಅಜ್ಞಾನವೂ ಇರಲಿಲ್ಲ. ಅದನ್ನು ಪ್ರತಿಪಾದಿಸಿದವರು ತಮ್ಮ ಕಾಲದ ಸಮರ್ಥ ವಿದ್ವಾಂಸರು. ಅವರು ತಪ್ಪಿದುದು ಊಹಿಸಿದುದರಲ್ಲಿ ಅಲ್ಲ. ಊಹೆಯಿಲ್ಲದೆ ಯಾವ ಶೋಧನೆಯೂ ಸಾಗದು. ಊಹಿಸಿದ ಭಾಗವನ್ನು ಉಳಿದ ಭಾಗದೊಡನೆ ಒಂದೇ ಮಸಿಯಲ್ಲಿ ಬರೆದುದೇ ತಪ್ಪು. ಒಮ್ಮೆ ಹಾಗೆ ಬರೆದಮೇಲೆ ಮುಂದಿನವರಿಗೆ ಎರಡನ್ನೂ ಬೇರ್ಪಡಿಸುವುದು ಕಷ್ಟವಾಯಿತು. ಮೂಲ ತುಂಡನ್ನು ನೋಡದೆ ಚಿತ್ರವನ್ನು ಮಾತ್ರ ನೋಡಿದವರಿಗೆ ಅದು ಅಸಾಧ್ಯವೇ ಆಯಿತು.

ನಮ್ಮ ತರಗತಿಗಳಲ್ಲಿ ಈ ಪ್ರಕರಣವನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಬದಲಾಗಿ ಅದನ್ನು ಪೂರ್ಣವಾಗಿ ಕಲಿಸಬೇಕು. 1932ರಲ್ಲಿ ಏನು ದೊರೆಯಿತು, 1961ರಲ್ಲಿ ಅದಕ್ಕೆ ಏನನ್ನು ಕೂಡಿಸಿದರು, 1967ರಲ್ಲಿ ಯಾವ ಆಕ್ಷೇಪ ಬಂದಿತು, 1982ರಲ್ಲಿ ಏನು ತಿಳಿಯಿತು ಎಂಬುದನ್ನು ಕ್ರಮವಾಗಿ ಹೇಳಿದರೆ, ಪೂರ್ವಜರ ಹೆಸರುಗಳ ಪಟ್ಟಿಯನ್ನು ಉರುಹೊಡೆಯುವುದಕ್ಕಿಂತ ಹೆಚ್ಚಿನ ಪ್ರಯೋಜನ ವಿದ್ಯಾರ್ಥಿಗಳಿಗಾಗುವುದು. ಶಾಸನವನ್ನಾಗಲಿ, ಕಡತವನ್ನಾಗಲಿ, ದವಡೆಯನ್ನಾಗಲಿ ಎದುರಿಗಿಟ್ಟುಕೊಂಡಾಗ ಇದರಲ್ಲಿ ಇರುವುದೆಷ್ಟು ಎಂದು ಮೊದಲು ಕೇಳುವ ಅಭ್ಯಾಸ ಅವರಿಗೆ ಬಂದರೆ ಹರಿತಲ್ಯಾಂಗರಿನ ಆ ಸಣ್ಣ ತುಂಡಿನಿಂದ ನಮಗಾದ ಉಪಕಾರ ಕಡಮೆಯದೇನಲ್ಲ.